ಸ್ಕ್ರೀನ್ ಕಪ್ಪಾದಾಗ ಫ್ಯಾನ್ ತಿರುಗುತ್ತಿತ್ತಾ?

ಪ್ರಶ್ನೆ: ನಮ್ಮ ಡೆಸ್ಕ್‌ಟಾಪ್ ಕಂಪ್ಯೂಟರ್‌ಗೆ 10 ವರ್ಷ. ಎರಡು ತಿಂಗಳಿಂದ ಕೆಲಸದ ಮಧ್ಯೆ ಇದ್ದಕ್ಕಿದ್ದ ಹಾಗೆ ಸ್ಕ್ರೀನ್ ಕಪ್ಪಾಗುತ್ತದೆ. ಕೆಲವು ಸಲ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ, ಕೆಲವು ಸಲ ನಾನೇ ಬಟನ್ ಒತ್ತಬೇಕು. ಒಂದೇ ದಿನ ಮೂರು ಸಲ ಆಗಿ, ಆಮೇಲೆ ನಾಲ್ಕು ದಿನ ಏನೂ ಆಗುವುದಿಲ್ಲ. ವಿಂಡೋಸ್ ಹೊಸದಾಗಿ ಹಾಕಿಸಿದೆ, ರ‍್ಯಾಮ್ ಬದಲಿಸಿದೆ. ಈಗ ಮದರ್‌ಬೋರ್ಡ್ ಹೋಗಿದೆ ಅನ್ನುತ್ತಿದ್ದಾರೆ. ಹೊಸ ಕಂಪ್ಯೂಟರ್ ಕೊಳ್ಳುವುದೇ ಒಳ್ಳೆಯದಾ?

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಮೊದಲು ಫೋಟೋ, ಕಾಗದಪತ್ರ ಎಲ್ಲವನ್ನೂ ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ಬರೆಯುತ್ತಿರುವಾಗಲೇ ಕರೆಂಟ್ ತಪ್ಪಿದರೆ ಫೈಲ್ ಕೆಡಬಹುದು, ಹಳೆಯ ಹಾರ್ಡ್‌ಡಿಸ್ಕ್‌ಗೂ ಅದು ಒಳ್ಳೆಯದಲ್ಲ.

ನಿಮ್ಮ ಪತ್ರದಲ್ಲಿ ನಾನು ಹುಡುಕಿದ ಒಂದು ಮಾತು ಸಿಗಲಿಲ್ಲ. ಸ್ಕ್ರೀನ್ ಕಪ್ಪಾದ ಕ್ಷಣದಲ್ಲಿ ಕ್ಯಾಬಿನೆಟ್ ಒಳಗಿನ ಫ್ಯಾನ್ ತಿರುಗುತ್ತಿತ್ತಾ, ನಿಂತುಹೋಗಿತ್ತಾ? ಮುಂದಿನ ಸಲ ಬಟನ್ ಒತ್ತಲು ಅವಸರ ಮಾಡಬೇಡಿ. ಸುಮ್ನೆ ಕಿವಿಗೊಟ್ಟು ಕೇಳಿ. ಆಮೇಲೆ ಕೀಬೋರ್ಡ್‌ನ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರುತ್ತಿದ್ದರೆ ಕಂಪ್ಯೂಟರ್ ಬದುಕಿದೆ, ಚಿತ್ರ ಮಾತ್ರ ಬರುತ್ತಿಲ್ಲ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಕೀಗಳನ್ನು ಒಟ್ಟಿಗೆ ಒತ್ತಿ. ವಿಂಡೋಸ್ 10 ಮತ್ತು 11ರಲ್ಲಿ ಇದು ಗ್ರಾಫಿಕ್ಸ್ ಡ್ರೈವರ್ ಅನ್ನು, ಅಂದರೆ ಸ್ಕ್ರೀನ್‌ಗೆ ಚಿತ್ರ ಕಳಿಸುವ ಭಾಗವನ್ನು ನಡೆಸುವ ಸಾಫ್ಟ್‌ವೇರನ್ನು, ಮತ್ತೆ ಶುರುಮಾಡುತ್ತದೆ. ಚಿತ್ರ ವಾಪಸ್ ಬಂದರೆ ಅನುಮಾನ ಡ್ರೈವರ್ ಅಥವಾ ಗ್ರಾಫಿಕ್ಸ್ ಕಾರ್ಡ್ ಮೇಲೆ. ಬರದಿದ್ದರೆ ಮಾನಿಟರ್ ಕೇಬಲ್ಲಿನ ಎರಡೂ ತುದಿ ಬಿಚ್ಚಿ ಗಟ್ಟಿಯಾಗಿ ಸಿಕ್ಕಿಸಿ, ಬೇರೆ ಮಾನಿಟರ್ ಹಾಕಿ ನೋಡಿ.

ಫ್ಯಾನ್ ತಿರುಗುತ್ತಿದೆ, ಕ್ಯಾಪ್ಸ್ ಲಾಕ್ ಮಾತ್ರ ಸತ್ತಂತಿದೆ ಅಂದರೆ ಇಡೀ ಯಂತ್ರ ಹ್ಯಾಂಗ್ ಆಗಿದೆ. ಆಗ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಬಿಸಿ ಇವನ್ನೆಲ್ಲ ನೋಡಬೇಕಾಗುತ್ತದೆ. ಫ್ಯಾನ್ ಸೇರಿ ಎಲ್ಲವೂ ಒಮ್ಮೆಲೇ ನಿಂತುಹೋಗಿ, ತಾನಾಗಿಯೇ ಮತ್ತೆ ಶುರುವಾಗುತ್ತಿದ್ದರೆ ನನ್ನ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆ, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿನ ಭಾಗಗಳಿಗೆ ಬೇಕಾದಂತೆ ಬದಲಿಸಿ ಕೊಡುವ ಪೆಟ್ಟಿಗೆಯ ಮೇಲೆ. ನೀವು ಬರೆದಿದ್ದನ್ನು ನೋಡಿದರೆ ನಿಮ್ಮದೂ ಅದೇ ಇರಬಹುದು ಅನ್ನಿಸುತ್ತದೆ.

ಇದನ್ನು ನಾನು ಕಲಿತದ್ದು ನನ್ನದೇ ಕಂಪ್ಯೂಟರಿನಿಂದ. ಅದಕ್ಕೂ ವಯಸ್ಸಾಗಿತ್ತು, ನಿಮ್ಮ ಹಾಗೆಯೇ ನಾನೂ ಒಂದೊಂದೇ ಭಾಗ ಬದಲಿಸುತ್ತಾ ಹೋಗಿದ್ದೆ. ಕೊನೆಗೆ ಕೀಬೋರ್ಡ್ ಪಕ್ಕ ಒಂದು ನೋಟ್‌ಬುಕ್ ಇಟ್ಟೆ. ಆಫ್ ಆದಾಗಲೆಲ್ಲ ಮೂರೇ ಸಂಗತಿ ಬರೆದೆ: ಎಷ್ಟು ಹೊತ್ತಿಗೆ, ಏನು ಓಡುತ್ತಿತ್ತು, ಫ್ಯಾನ್ ಏನಾಯಿತು. ಒಂಬತ್ತು ಸಲ ಬರೆಯುವಷ್ಟರಲ್ಲಿ ವಿಷಯ ಕಣ್ಣಿಗೆ ಕಂಡಿತು. ಬರೀ ಟೈಪ್ ಮಾಡುವಾಗ ಒಂದು ಸಲವೂ ಆಫ್ ಆಗಿರಲಿಲ್ಲ. ವಿಡಿಯೊ ಎಡಿಟ್ ಮಾಡುವಾಗ, ಗೇಮ್ ತೆರೆದ ಮೊದಲ ನಿಮಿಷದಲ್ಲಿ, ಅಂದರೆ ಕರೆಂಟ್ ಜಾಸ್ತಿ ಎಳೆಯುವ ಹೊತ್ತಿನಲ್ಲೇ ಆಗುತ್ತಿತ್ತು. ಗೆಳೆಯರ ಹತ್ತಿರ ಎಸ್‌ಎಂಪಿಎಸ್ ಎರವಲು ತಂದು ಹಾಕಿದೆ. ಎರಡು ವಾರ ಒಮ್ಮೆಯೂ ಆಫ್ ಆಗಲಿಲ್ಲ. ಅಷ್ಟು ದಿನ ಸುಮ್ನೆ ರ‍್ಯಾಮ್ ಮೇಲೆ ಅನುಮಾನಪಟ್ಟೆನಲ್ಲಾ ಅಂತ ಬೇಜಾರಾಯಿತು.

ಹೀಗಾಗುವುದಕ್ಕೆ ಕಾರಣ ಇದೆ. ಎಸ್‌ಎಂಪಿಎಸ್ ಒಳಗೆ ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ಕೊಡುವ ಕೆಪಾಸಿಟರ್ ಎಂಬ ಪುಟ್ಟ ಡಬ್ಬಿಗಳಿರುತ್ತವೆ. ವರ್ಷಗಟ್ಟಲೆ ಬಿಸಿಯಲ್ಲಿದ್ದು ಅವುಗಳ ಒಳಗಿನ ದ್ರವ ಒಣಗುತ್ತದೆ. ಕೆಲಸ ಹಗುರವಾಗಿದ್ದಾಗ ಹೇಗೋ ನಡೆಯುತ್ತದೆ, ಭಾರ ಬಿದ್ದಾಗ ವೋಲ್ಟೇಜ್ ಕುಸಿಯುತ್ತದೆ. ಅದು ಕೊಡುವ 12 ವೋಲ್ಟ್ ಲೈನ್ 11.4ರಿಂದ 12.6 ವೋಲ್ಟ್ ಒಳಗೇ ಇರಬೇಕು. ಅದು ತೀರಾ ತಪ್ಪಿದರೆ, ಕರೆಂಟ್ ಸರಿಯಾಗಿದೆ ಎಂದು ಎಸ್‌ಎಂಪಿಎಸ್ ಮದರ್‌ಬೋರ್ಡ್‌ಗೆ ತಿಳಿಸುವ ‘ಪವರ್ ಗುಡ್’ ಎಂಬ ಸಿಗ್ನಲ್ ನಿಂತುಹೋಗುತ್ತದೆ. ಕೂಡಲೇ ಮದರ್‌ಬೋರ್ಡ್ ಎಲ್ಲವನ್ನೂ ರೀಸೆಟ್ ಮಾಡುತ್ತದೆ. ಕ್ರ್ಯಾಶ್ ಆಯಿತೆಂದು ಹೇಳುವ ಸ್ಕ್ರೀನ್ ತೋರಿಸುವಷ್ಟು ಹೊತ್ತೂ ವಿಂಡೋಸ್‌ಗೆ ಸಿಗುವುದಿಲ್ಲ. ಕುಸಿತ ಕಣ್ಣುಮುಚ್ಚಿ ತೆರೆಯುವಷ್ಟರದ್ದು, ಹಾಗಾಗಿ ಸಾಮಾನ್ಯ ಮಲ್ಟಿಮೀಟರ್‌ನಲ್ಲಿ ಕಾಣದೇ ಹೋಗಬಹುದು. ಚೆನ್ನಾಗಿರುವ, ಸಾಕಷ್ಟು ವ್ಯಾಟ್ ಇರುವ ಇನ್ನೊಂದು ಎಸ್‌ಎಂಪಿಎಸ್ ಹಾಕಿ ನೋಡುವುದನ್ನೇ ನಾನು ಹೆಚ್ಚು ನಂಬುತ್ತೇನೆ. ಆದರೆ ತೆಗೆದ ಹಳೆಯ ಎಸ್‌ಎಂಪಿಎಸ್‌ನ ಡಬ್ಬವನ್ನು ಮಾತ್ರ ದಯವಿಟ್ಟು ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ನಷ್ಟು ಉಳಿದಿರಬಹುದು. ಜೀವಕ್ಕೇ ಅಪಾಯ.

ಎರವಲು ತರುವ ಮೊದಲು ಗೋಡೆಯ ಪ್ಲಗ್, ಎಕ್ಸ್‌ಟೆನ್ಷನ್ ಬೋರ್ಡ್, ಕ್ಯಾಬಿನೆಟ್ ಹಿಂದಿನ ಪವರ್ ಕೇಬಲ್ ಸಡಿಲ ಇವೆಯಾ ನೋಡಿ. ಯುಪಿಎಸ್ ಇದ್ದರೆ ಒಂದೆರಡು ವಾರ ಅದಿಲ್ಲದೆ ನಡೆಸಿ. ಬ್ಯಾಟರಿ ಸತ್ತ ಯುಪಿಎಸ್ ಕೂಡ ಹೀಗೇ ಆಟ ಆಡಿಸುತ್ತದೆ.

ವಿಂಡೋಸ್ ತನ್ನ ಆಗುಹೋಗುಗಳನ್ನು ಬರೆದಿಟ್ಟು ತೋರಿಸುವ ಈವೆಂಟ್ ವ್ಯೂವರ್ ತೆರೆದರೆ ‘ಕರ್ನಲ್-ಪವರ್ 41’ ಅಂತ ಕೆಂಪು ಗುರುತಿನ ಸಾಲು ಕಾಣಬಹುದು. ಅದನ್ನು ನೋಡಿ ಹೆದರುವವರೇ ಜಾಸ್ತಿ. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ ಅಂತಷ್ಟೇ ಅದರ ಅರ್ಥ. ಅದರ ವಿವರದಲ್ಲಿ ‘ಬಗ್‌ಚೆಕ್‌ಕೋಡ್’ ಎದುರು ಏನಿದೆ ನೋಡಿ. ಸೊನ್ನೆ ಇದ್ದರೆ ಪವರ್ ಅಥವಾ ಹ್ಯಾಂಗ್ ಕಡೆ ಹುಡುಕಿ. ಬೇರೆ ಸಂಖ್ಯೆ ಇದ್ದರೆ ವಿಂಡೋಸೇ ಕ್ರ್ಯಾಶ್ ಆಗಿದೆ, ಆ ಸಂಖ್ಯೆಯಿಂದಲೇ ಹುಡುಕಾಟ ಶುರುಮಾಡಬಹುದು.

ಇನ್ನು ಬಿಸಿ. 10 ವರ್ಷದ ಕ್ಯಾಬಿನೆಟ್‌ನಲ್ಲಿ ಧೂಳು ಇದ್ದೇ ಇರುತ್ತದೆ ಅಲ್ವಾ? ಪ್ಲಗ್ ಕಿತ್ತು, ಮೃದುವಾದ ಬ್ರಶ್‌ನಿಂದ ತೆಗೆಯಿರಿ. ಪ್ರೊಸೆಸರ್ ಮೇಲೆ ಅದರ ಬಿಸಿ ಹೊರಗೆ ಸಾಗಲು ಹಚ್ಚಿರುವ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿದ್ದರೆ ಒರೆಸಿ ಹೊಸದು ಹಚ್ಚಿ. ಹಾಗೇ ಟಾರ್ಚ್ ಬಿಟ್ಟು ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳ ತಲೆ ನೋಡಿ. ಚಪ್ಪಟೆಯಾಗಿರಬೇಕಾದ ತಲೆ ಉಬ್ಬಿದ್ದರೆ, ಕಂದು ಬಣ್ಣದ ಅಂಟು ಸುರಿದಿದ್ದರೆ, ಮದರ್‌ಬೋರ್ಡ್ ಹೋಗಿದೆ ಅನ್ನುವ ಮಾತನ್ನು ಆಗ ನಾನೂ ಒಪ್ಪುತ್ತೇನೆ.

ಪ್ರಶ್ನೆ: ನನ್ನ ಹಳೆಯ ಕಂಪ್ಯೂಟರ್‌ನಲ್ಲಿ ದಿನಾ ಬೆಳಿಗ್ಗೆ ತಾರೀಕು ಹಿಂದಕ್ಕೆ ಹೋಗಿರುತ್ತದೆ. ನಡುವೆ ರೀಸ್ಟಾರ್ಟ್ ಆಗುವುದಕ್ಕೂ ಇದೇ ಕಾರಣವಾ?

ಉತ್ತರ: ಅಲ್ಲ, ಅವೆರಡೂ ಬೇರೆ. ತಾರೀಕು ತಪ್ಪುವುದು ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಮುಗಿದಿರುವುದರಿಂದ. ಸಾಮಾನ್ಯವಾಗಿ ಅದು ಸಿಆರ್2032, 3 ವೋಲ್ಟ್‌ನದು. ಪ್ಲಗ್ ಕಿತ್ತು, ಪ್ಲಸ್ ಗುರುತು ಮೊದಲು ಯಾವ ಕಡೆಗಿತ್ತೋ ಅದೇ ಕಡೆಗೆ ಬರುವಂತೆ ಹೊಸದನ್ನು ಕೂರಿಸಿ. ಆಮೇಲೆ ಬಯಾಸ್‌ಗೆ, ಅಂದರೆ ಆನ್ ಮಾಡಿದಾಗ ವಿಂಡೋಸ್‌ಗಿಂತ ಮೊದಲು ತೆರೆಯಬಹುದಾದ ಸೆಟ್ಟಿಂಗ್ ಪುಟಕ್ಕೆ, ಹೋಗಿ ತಾರೀಕು, ಸಮಯ ಸರಿಮಾಡಿ. ಕೆಲಸದ ಮಧ್ಯೆ ರೀಸ್ಟಾರ್ಟ್ ಆಗುವುದು ಇದರಿಂದ ನಿಲ್ಲುವುದಿಲ್ಲ, ಅದಕ್ಕೆ ಮೇಲಿನ ಉತ್ತರ ನೋಡಿ.