ತೊಟ್ಟಿಲಿಗಿಂತ ಮೊದಲು ಹಗ್ಗ

ಮುಂಬಯಿ ಬಳಿಯ ಡೊಂಬಿವಲಿಯ ಓದುಗರೊಬ್ಬರ ಪತ್ರದ ಸಾರ ಇಷ್ಟು: ‘ಜುಲೈ ಮೊದಲ ವಾರ ನನ್ನ ಚೊಚ್ಚಲ ಹೆರಿಗೆ. ತೋರಿಸುತ್ತಿರುವ ಡಾಕ್ಟರು ಇಲ್ಲೇ ಇರುವುದರಿಂದ ತವರಿಗೆ ಹೋಗುತ್ತಿಲ್ಲ, ಅಮ್ಮನೇ ಧಾರವಾಡದಿಂದ ಬಾಣಂತನಕ್ಕೆ ಬರುತ್ತಾಳೆ. ನಮ್ಮದು ಒಂದೇ ಬೆಡ್‌ರೂಮಿನ ಮನೆ. ಕೂಸು ಹುಟ್ಟುವತನಕ ಒಂದು ದಾರವನ್ನೂ ತರಬೇಡಿ ಅಂತ ಅತ್ತೆ. ಗಂಡ ಆನ್‌ಲೈನಿನಲ್ಲಿ 43 ಸಾಮಾನು ಆರಿಸಿಟ್ಟು ಕೂತಿದ್ದಾರೆ, ಮೊತ್ತ 62 ಸಾವಿರ. ನಿಜಕ್ಕೂ ಏನೇನು ಬೇಕು, ಎಷ್ಟೆಷ್ಟು ಬೇಕು?’

ಪ್ರಿಯ ಸಹೋದರಿ,

ನಿಮ್ಮ ಪತ್ರದಲ್ಲಿ ನಾವು ಕೆಂಪು ಗೆರೆ ಎಳೆದದ್ದು ‘ಜುಲೈ’ ಎಂಬ ಪದದ ಕೆಳಗೆ. ಜನವರಿಯಲ್ಲಿ ಹುಟ್ಟುವ ಕೂಸಿಗೆ ನಿಮ್ಮೂರಲ್ಲಿ ಇಪ್ಪತ್ತು ಲಂಗೋಟಿ ಸಾಕು, ಬೆಳಿಗ್ಗೆ ಒಗೆದು ಹಾಕಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಗರಿಗರಿ. ಜುಲೈಯಲ್ಲಿ ಅದೇ ಲಂಗೋಟಿ ಎರಡು ದಿನ ಹಗ್ಗದ ಮೇಲಿದ್ದರೂ ಅಂಚು ಮುಟ್ಟಿದರೆ ತಣ್ಣಗೇ ಇರುತ್ತದೆ. ಯಾರದೋ ಸಿದ್ಧ ಪಟ್ಟಿಯಲ್ಲಿ ಮಳೆಯ ಲೆಕ್ಕ ಇರುವುದಿಲ್ಲ. ಆದ್ದರಿಂದ ಮೊದಲು ಬಟ್ಟೆಯ ಮಾತು, ಉಳಿದದ್ದೆಲ್ಲ ಆಮೇಲೆ.

ಹುಟ್ಟಿದ ಮೊದಲೆರಡು ದಿನ ಕೂಸು ಒದ್ದೆ ಮಾಡುವುದು ಕಡಿಮೆ. ಹಾಲು ಚೆನ್ನಾಗಿ ಇಳಿದ ಮೇಲೆ, ಅಂದರೆ ಐದನೇ ದಿನದ ಹೊತ್ತಿಗೆ, ದಿನಕ್ಕೆ ಕನಿಷ್ಠ ಆರು ಸಲ ಉಚ್ಚೆ ಹೊಯ್ಯಲೇಬೇಕು. ಹಾಲು ಸಾಕಾಗುತ್ತಿದೆ ಎಂಬುದಕ್ಕೆ ಮನೆಯಲ್ಲೇ ಸಿಗುವ ಗುರುತು ಅದು. ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚೇ ಆಗುತ್ತದೆ. ಎದೆಹಾಲು ಕುಡಿಯುವ ಕೂಸು ನಾಲ್ಕಾರು ಸಲ ಕಕ್ಕವನ್ನೂ ಮಾಡುತ್ತದೆ. ರಾತ್ರಿಗೆ ಡೈಪರ್ ಇಟ್ಟುಕೊಂಡರೂ ಹಗಲಿಗೆ ಹದಿನೈದು ಲಂಗೋಟಿ ಹಿಡಿಯಿರಿ. ಅದನ್ನು ಒಣಗಲು ಬೇಕಾದ ದಿನಗಳಿಂದ ಗುಣಿಸಿ. ಮಳೆಗಾಲಕ್ಕೆ ಎರಡು ದಿನ, ಅಂದರೆ ಮೂವತ್ತಾಯಿತು. ಹೊಟ್ಟೆ ಕೆಟ್ಟ ದಿನಕ್ಕೋ ನೀರು ಬಾರದ ದಿನಕ್ಕೋ ಇರಲಿ ಎಂದು ಮತ್ತೆ ಆರು. ಒಟ್ಟು 36.

ಇಲ್ಲಿ ಅತ್ತೆಯವರ ಮಾತಿಗೆ ಬೆಲೆ ಬರುತ್ತದೆ. ಈ ಮೂವತ್ತಾರರಲ್ಲಿ ಒಂದನ್ನೂ ಕೊಳ್ಳಬೇಕಾಗಿಲ್ಲ. ಎಂಟು ಮೊಳದ ಹಳೆಯ ಹತ್ತಿ ಪಂಚೆ ಸುಮಾರು 3.6 ಮೀಟರ್ ಉದ್ದ, ಸವಾ ಮೀಟರ್ ಅಗಲ. ಜರಿ ಅಂಚು ತೆಗೆದು 60 ಸೆಂಟಿಮೀಟರಿನ ಚೌಕಗಳನ್ನು ಕತ್ತರಿಸಿದರೆ ಅಗಲಕ್ಕೆ ಎರಡು, ಉದ್ದಕ್ಕೆ ಆರು, ಹೀಗೆ ಒಂದು ಪಂಚೆಗೆ ಹನ್ನೆರಡು. ಮಾವನವರ ಮೂರು ಪಂಚೆ ಕೇಳಿ ಪಡೆದರೆ ಲೆಕ್ಕ ಮುಗಿಯಿತು. ಹೊಸ ಹತ್ತಿ ಬಟ್ಟೆಗೆ ಗಿರಣಿಯ ಗಂಜಿ ಇರುತ್ತದೆ, ನಾಲ್ಕೈದು ಸಲ ಒಗೆಯುವವರೆಗೆ ಅದು ನೀರನ್ನೇ ಹೀರುವುದಿಲ್ಲ. ನೂರು ಸಲ ಒಗೆಸಿಕೊಂಡ ಪಂಚೆ ಮೊದಲ ದಿನದಿಂದಲೇ ಹೀರುತ್ತದೆ, ಒರಟೂ ಅಲ್ಲ. ಕೂಸಿಗೆ ಮೊದಲು ಹಳೆ ಬಟ್ಟೆಯನ್ನೇ ತೊಡಿಸಬೇಕೆಂಬ ಪದ್ಧತಿಯ ಹಿಂದೆ ದೃಷ್ಟಿಯ ಭಯ ಎಷ್ಟಿತ್ತೋ, ಈ ತಿಳಿವಳಿಕೆಯೂ ಅಷ್ಟೇ ಇತ್ತೆಂದು ನಮ್ಮ ಅಂದಾಜು.

ಆದರೆ ಹಳೆ ಬಟ್ಟೆಯಲ್ಲಿ ಎರಡು ಅಪಾಯಗಳಿವೆ. ಒಂದು, ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ, ಇಲ್ಲಿಯವರು ಡಾಂಬರ್ ಗೋಳಿ ಅನ್ನುವುದರ ಜೊತೆ, ಇಟ್ಟ ಬಟ್ಟೆ. ಅದರಲ್ಲಿರುವ ನ್ಯಾಫ್ತಲೀನ್, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಶಿಶುಗಳಲ್ಲಿ ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರುತ್ತದೆ. ನಿಮ್ಮ ಕೂಸಿಗೆ ಆ ಕೊರತೆ ಇದೆಯೋ ಇಲ್ಲವೋ ಹುಟ್ಟುವ ಮೊದಲು ಗೊತ್ತಾಗುವಂಥದ್ದಲ್ಲ. ಅಂಥ ಬಟ್ಟೆಯನ್ನು ಒಗೆದು ಹಲವು ದಿನ ಬಿಸಿಲಿಗೆ ಹಾಕಿ. ಆಮೇಲೂ ವಾಸನೆ ಉಳಿದಿದ್ದರೆ ನೆಲ ಒರೆಸಲು ಇಟ್ಟುಕೊಳ್ಳಿ. ಧಾರವಾಡದಿಂದ ಬರುವ ಕೌದಿಗೂ ಇದೇ ನಿಯಮ. ಎರಡನೆಯದು, ಬಿಟ್ಟ ನೂಲು. ಕತ್ತರಿಸಿದ ಅಂಚಿನ ಒಂದು ಎಳೆ ಕೂಸಿನ ಕಾಲ್ಬೆರಳಿಗೆ ಸುತ್ತಿಕೊಂಡರೆ ಬೆರಳು ಬಾತು ರಕ್ತ ಓಡಾಡುವುದೇ ನಿಂತುಬಿಡುತ್ತದೆ. ಕೂಸು ಅಳುತ್ತದೆ, ದೊಡ್ಡವರು ಹೊಟ್ಟೆನೋವೆಂದುಕೊಳ್ಳುತ್ತಾರೆ. ಅದಕ್ಕೇ ಚೌಕದ ನಾಲ್ಕೂ ಬದಿ ಸಣ್ಣಗೆ ಮಡಚಿ ಹೊಲಿಸಿ. ಅಂಗಡಿಯ ಕಾಲುಚೀಲ, ಕೈಗವಸುಗಳನ್ನೂ ಒಮ್ಮೆ ಒಳಹೊರಗು ಮಾಡಿ ಎಳೆ ಕತ್ತರಿಸಿಯೇ ಹಾಕಿ. ಕಾರಣ ತಿಳಿಯದೆ ಅತ್ತರೆ ಮೊದಲು ಹತ್ತೂ ಬೆರಳು, ಮತ್ತೆ ಹತ್ತೂ ಬೆರಳು ನೋಡಿ.

ಕಟ್ಟುವಾಗ ಚೌಕವನ್ನು ಕರ್ಣಕ್ಕೆ ಮಡಚಿ ತ್ರಿಕೋನ ಮಾಡಿ, ಮೇಲಂಚು ಹೊಕ್ಕಳಿಗಿಂತ ಕೆಳಗಿರಲಿ. ಹೊಕ್ಕಳಬಳ್ಳಿ ಒಣಗಿ ಬೀಳಲು ಒಂದರಿಂದ ಎರಡು ವಾರ ಬೇಕು, ಅಲ್ಲಿಯವರೆಗೆ ಅದಕ್ಕೆ ಗಾಳಿ ಬೇಕು. ಅರಿಸಿನ, ಎಣ್ಣೆ, ಪೌಡರ್ ಯಾವುದೂ ಬೇಡ.

ಈಗ ಹಗ್ಗ, ಅಂದರೆ ಬಟ್ಟೆ ಒಣಹಾಕುವ ಏರ್ಪಾಡು. ನಮ್ಮ ದೃಷ್ಟಿಯಲ್ಲಿ ನೀವು ಹೊಸದಾಗಿ ಕೊಳ್ಳಬೇಕಾದ ಮೊದಲ ವಸ್ತು ಇದೇ. ಬಾಲ್ಕನಿಯ ಛಾವಣಿಗೆ ಹಾಕಿಸುವ ಆರು ಕೊಳವೆಯ, ಹಗ್ಗ ಎಳೆದು ಮೇಲೇರಿಸುವ ರ‍್ಯಾಕ್ ನಿಮ್ಮ ಕಟ್ಟಡದಲ್ಲಿ ಎಲ್ಲರ ಮನೆಯಲ್ಲೂ ಇದ್ದೀತು. ಐದು ಅಡಿಯ ಒಂದು ಕೊಳವೆಗೆ ಎರಡು ಅಡಿ ಅಗಲದ ಲಂಗೋಟಿ ಎರಡೇ ಹಿಡಿಯುತ್ತವೆ, ಆರು ಕೊಳವೆಗೆ ಹನ್ನೆರಡು. ದಿನದ ಹದಿನೈದಕ್ಕೇ ಅದು ಸಾಲದು, ಇನ್ನು ಕೂಸಿನ ಅಂಗಿ, ನಿಮ್ಮ ನೈಟಿಗಳೆಲ್ಲಿ? ಒಂದರ ಮೇಲೊಂದು ಹೊರಿಸಿದರೆ ಯಾವುದೂ ಒಣಗುವುದಿಲ್ಲ. ಆದ್ದರಿಂದ ಮಡಚಿ ಬಾಗಿಲ ಹಿಂದೆ ನಿಲ್ಲಿಸಬಹುದಾದ ಒಂದು ಸ್ಟೀಲ್ ಸ್ಟ್ಯಾಂಡನ್ನೂ ತನ್ನಿ. ಅದು ನಡುಮನೆಯಲ್ಲಿ, ಫ್ಯಾನಿನ ಕೆಳಗೆ ಇರಲಿ. ಕೂಸು ಮಲಗುವ ಕೋಣೆಯಲ್ಲಿ ಒದ್ದೆ ಬಟ್ಟೆ ಹರವಿದರೆ ಗೋಡೆಗೂ ಬೂಷ್ಟು, ಗಾಳಿಯೂ ತೇವ. ಅಂಚು ತಣ್ಣಗಿದ್ದರೆ ಕೊನೆಗೆ ಬಿಸಿ ಇಸ್ತ್ರಿ ಎಳೆದುಬಿಡಿ. ಅರೆಒಣಗಿದ್ದನ್ನು ಕಟ್ಟಿದರೆ ತೊಡೆಸಂದಿಯಲ್ಲಿ ಕೆಂಪು ಎದ್ದು, ಸುತ್ತ ಚುಕ್ಕೆ ಚುಕ್ಕೆಯಾಗಿ ಹರಡುವ ಬೂಷ್ಟಿನ ಸೋಂಕು ಆಗುತ್ತದೆ. ಅದು ಪೌಡರಿಗೆ ಬಗ್ಗುವುದಿಲ್ಲ, ಡಾಕ್ಟರ ಮುಲಾಮೇ ಬೇಕು. ಒಗೆಯುವಾಗ ಕಕ್ಕವನ್ನು ತಣ್ಣೀರಿನಲ್ಲೇ ಮೊದಲು ತೊಳೆಯಿರಿ, ಬಿಸಿನೀರು ಕಲೆಯನ್ನು ಕೂರಿಸಿಬಿಡುತ್ತದೆ. ಪರಿಮಳದ ಸಾಫ್ಟ್‌ನರ್ ಹಾಕಬೇಡಿ, ಬಟ್ಟೆ ಹೀರುವುದನ್ನೇ ಮರೆಯುತ್ತದೆ.

ಡೈಪರ್ ನ್ಯೂಬಾರ್ನ್ ಗಾತ್ರದ್ದು ಒಂದೇ ಸಣ್ಣ ಪ್ಯಾಕೆಟ್ ತನ್ನಿ. ಅದು ಸಾಮಾನ್ಯವಾಗಿ 5 ಕಿಲೋವರೆಗೆ, ಮುಂದಿನ ಸ್ಮಾಲ್ 4ರಿಂದ 8 ಕಿಲೋಗೆ. ಮೂರು ಕಿಲೋದ ಕೂಸು ತಿಂಗಳು ಒಂದೂವರೆ ತಿಂಗಳಲ್ಲೇ ಸ್ಮಾಲಿಗೆ ಏರುತ್ತದೆ, ರಿಯಾಯಿತಿಗೆ ಮರುಳಾಗಿ ತಂದ ದೊಡ್ಡ ಪೆಟ್ಟಿಗೆ ಹಾಗೇ ಉಳಿಯುತ್ತದೆ. ಎಲ್ಲ ಕಂಪನಿಯದೂ ಎಲ್ಲ ಕೂಸಿನ ತೊಡೆಗೂ ಒಗ್ಗುವುದಿಲ್ಲ ಎಂಬುದು ಇನ್ನೊಂದು ಕಾರಣ.

ಅಂಗಿ, ದಾದರ್ ಅಂಗಡಿಗಳಲ್ಲಿ ಝಬಲಾ ಎಂದು ಕೇಳಿದರೆ ಕೊಡುವುದು, ಎಂಟರಿಂದ ಹತ್ತು ಸಾಕು. ಮುಂದೆ ಕಸೆ ಕಟ್ಟುವಂಥದೇ ಇರಲಿ, ಕುತ್ತಿಗೆ ನಿಲ್ಲದ ಕೂಸಿಗೆ ತಲೆಯ ಮೇಲಿಂದ ಹಾಕುವ ಅಂಗಿ ಇಬ್ಬರಿಗೂ ಶಿಕ್ಷೆ. ಅರ್ಧದಷ್ಟು ತುಂಬುತೋಳಿನವು ಇರಲಿ, ಸೊಳ್ಳೆಗಾಗಿ. ಸುತ್ತಲು ಮಲ್‌ಮಲ್ ತುಂಡು ಆರು, ಅಡಿಗೆ ಹಾಸುವ ರಬ್ಬರ್ ಶೀಟು ಎರಡು, ಟೊಪ್ಪಿಗೆ ಎರಡು. ಟೊಪ್ಪಿಗೆ ಮೊದಲ ದಿನಗಳಿಗೆ, ಮತ್ತು ಹೊರಗೆ ಒಯ್ಯುವಾಗ. ಮುಂಬಯಿಯ ಸೆಕೆಯಲ್ಲಿ ಮನೆಯೊಳಗೂ ಟೊಪ್ಪಿಗೆ ಕಟ್ಟಿಟ್ಟರೆ ಕೂಸು ಬೇಯುತ್ತದೆ. ಕುಂಚಿಗೆ, ಬೆಳ್ಳಿ ಬಟ್ಟಲು, ಜರಿ ಅಂಗಿ ಇವೆಲ್ಲ ತೊಟ್ಟಿಲ ಶಾಸ್ತ್ರಕ್ಕೆ ತಾವಾಗಿ ಬರುತ್ತವೆ. ಉಡುಗೊರೆ ಏನು ಬೇಕೆಂದು ಕೇಳುವವರಿಗೆ ‘ಆರರಿಂದ ಒಂಬತ್ತು ತಿಂಗಳಿನ ಅಳತೆಯದು, ತುಂಬುತೋಳಿನದು’ ಎನ್ನಿ. ಜುಲೈ ಕೂಸಿಗೆ ಆರು ತಿಂಗಳು ತುಂಬುವುದು ಜನವರಿಯಲ್ಲಿ.

ಮಲಗಿಸಲು ಬೇಕಾದದ್ದು ಗಟ್ಟಿಯಾದ ಸಪಾಟು ಹಾಸಿಗೆ ಮತ್ತು ಛತ್ರಿಯಂತೆ ಮಡಚುವ ಸೊಳ್ಳೆಪರದೆ, ಇಷ್ಟೇ. ಅಂಗಾತ ಮಲಗಿಸಿ. ಪರದೆಯ ಜೊತೆ ಬರುವ ಮೆತ್ತನೆಯ ಹಾಸು, ಪುಟ್ಟ ದಿಂಬು, ತಲೆ ದುಂಡಗಾಗಲೆಂದು ಮಾರುವ ಸಾಸಿವೆ ದಿಂಬು, ಬದಿಗಿಡುವ ಲೋಡು, ಗೊಂಬೆ ಯಾವುದೂ ಕೂಸಿನ ಹತ್ತಿರ ಬೇಡ. ಮುಖಕ್ಕೆ ಅಡ್ಡ ಬಂದರೆ ಅದನ್ನು ಸರಿಸುವ ಶಕ್ತಿ ಆ ವಯಸ್ಸಿಗಿಲ್ಲ. ತೊಟ್ಟಿಲನ್ನು ಕೊಳ್ಳುವ ಬದಲು ಎರವಲು ತನ್ನಿ, ಕೂಸು ಮಗುಚಲು ಕಲಿಯುವ ನಾಲ್ಕೈದು ತಿಂಗಳಿಗೆ ಅದರ ಕೆಲಸ ಮುಗಿಯುತ್ತದೆ. ಸೀರೆ ಜೋಲಿ ಕಟ್ಟುವುದಾದರೆ ಕೊಕ್ಕೆ ಸಿಮೆಂಟಿನ ಸ್ಲ್ಯಾಬಿಗೇ ಹೋಗಿರಬೇಕು, ಪಿಒಪಿ ಸೀಲಿಂಗಿಗಲ್ಲ. ಜೋಲಿಯಲ್ಲಿ ಗದ್ದ ಎದೆಗೆ ಒತ್ತಿಕೊಳ್ಳುವುದರಿಂದ ಯಾರಾದರೂ ಕಣ್ಣಿಟ್ಟಿರುವಾಗ ಮಾತ್ರ ತೂಗಿ, ರಾತ್ರಿಯಿಡೀ ಅಲ್ಲಿ ಬಿಡಬೇಡಿ.

ಇನ್ನು ನಿಮ್ಮ ಯಜಮಾನರ 43. ಹಾಲುಬಾಟಲಿ, ಅದನ್ನು ಬಿಸಿ ಮಾಡುವ ಯಂತ್ರ, ಸ್ಟೆರಿಲೈಸರ್, ಪುಡಿಹಾಲು, ಇವನ್ನು ಮುಂಗಡ ತಂದಿಡಬೇಡಿ. ಬಾಟಲಿ, ಪುಡಿಹಾಲುಗಳ ಜಾಹೀರಾತನ್ನೇ ನಿಷೇಧಿಸಿ 1992ರಲ್ಲಿ ನಮ್ಮ ದೇಶ ಕಾಯ್ದೆ ಮಾಡಿದೆ. ಕೈಗೆಟಕುವಲ್ಲಿ ಬಾಟಲಿ ಇದ್ದರೆ ಮೂರನೇ ರಾತ್ರಿಯ ಅಳುವಿಗೆ ಮನೆಮಂದಿ ಅದನ್ನೇ ತೆಗೆಯುತ್ತಾರೆ. ಕೂಸು ಚೀಪದಿದ್ದರೆ ಎದೆಹಾಲೂ ಹಿಂದೆ ಸರಿಯುತ್ತದೆ. ಹಿಂಡಿದ ಹಾಲು ಕುಡಿಸುವ ಸಂದರ್ಭ ಬಂದರೆ ನಿಮ್ಮ ಅಮ್ಮನ ಮನೆಯ ಸ್ಟೀಲಿನ ಒಳಲೆ ಸಾಕು. ಶಿಶುಗಳ ವಾರ್ಡುಗಳಲ್ಲೂ ಅದನ್ನೇ ಪಾಲಡೈ ಎಂದು ಬಳಸುತ್ತಾರೆ, ಹತ್ತು ನಿಮಿಷ ಕುದಿಸಿದರೆ ಶುದ್ಧ. ಹಾಲು ಹಿಂಡುವ ಪಂಪನ್ನು ಡಾಕ್ಟರು ಹೇಳಿದ ದಿನ ತಂದರಾಯಿತು. ಆರು ತಿಂಗಳವರೆಗೆ ನೀರೂ ಬೇಡ, ಘುಟ್ಟಿ, ಬಜೆ, ಗ್ರೈಪ್ ವಾಟರ್ ಬೇಡ. ಜೇನುತುಪ್ಪವಂತೂ ವರ್ಷ ತುಂಬುವವರೆಗೆ ನಾಲಿಗೆಗೆ ಸವರಲೂಬಾರದು, ಅದರಲ್ಲಿರಬಹುದಾದ ಬಾಟ್ಯುಲಿಸಂ ಬೀಜಾಣುಗಳು ಎಳೆಗರುಳಲ್ಲಿ ಮೊಳೆತು ವಿಷವಾಗುತ್ತವೆ. ಕಾಡಿಗೆಯಲ್ಲಿ ಸೀಸ ಇರಬಹುದು, ದೃಷ್ಟಿಬೊಟ್ಟು ಇಡಲೇಬೇಕೆಂದರೆ ಕಣ್ಣಿಗೂ ಕೈಗೂ ದೂರ, ಅಂಗಾಲಿಗೆ.

ವಾಕರ್ ತೆಗೆದುಬಿಡಿ. ಕೆನಡಾ 2004ರಲ್ಲೇ ಅದರ ಮಾರಾಟ ನಿಲ್ಲಿಸಿದೆ. ನಡೆಯಲು ಅದು ಕಲಿಸುವುದಿಲ್ಲ, ಮೆಟ್ಟಿಲಿನಿಂದ ಬೀಳಲು ಬೇಕಾದ ವೇಗ ಮಾತ್ರ ಕೊಡುತ್ತದೆ. ಸ್ಟ್ರಾಲರ್ ಬೇಕೆನಿಸಿದರೆ ಮೊದಲು ನಿಮ್ಮ ಲಿಫ್ಟಿನ ಬಾಗಿಲ ಅಗಲ ಅಳೆಯಿರಿ, ಆಮೇಲೆ ಸ್ಟೇಷನ್‌ವರೆಗಿನ ಫುಟ್‌ಪಾತನ್ನು ನೆನೆಯಿರಿ. ಲೋಕಲ್‌ನ ಜನಜಂಗುಳಿಗೆ ಅದು ಉಪಯೋಗವಿಲ್ಲ. ಬೇಬಿ ಮಾನಿಟರ್ ಬಗ್ಗೆ ಏನು ಹೇಳೋಣ? ಒಂದು ಬೆಡ್‌ರೂಮಿನ ಮನೆಯಲ್ಲಿ ಕೂಸು ಅತ್ತರೆ ಎದುರು ಮನೆಯವರಿಗೂ ಯಂತ್ರವಿಲ್ಲದೆ ಕೇಳಿಸುತ್ತದೆ. ಸ್ವಂತ ಕಾರಿದ್ದರೆ ಮಾತ್ರ, ಹಿಂಬದಿಗೆ ಮುಖ ಮಾಡಿ ಕೂರಿಸುವ ಶಿಶು ಸೀಟಿಗೆ ಆ ಹಣ ಹಾಕಿ.

ಅವರ ಪಟ್ಟಿಯಲ್ಲಿ ಇಲ್ಲದಿದ್ದರೆ ಸೇರಿಸಲೇಬೇಕಾದದ್ದು ಡಿಜಿಟಲ್ ಥರ್ಮಾಮೀಟರ್. ಕಂಕುಳಲ್ಲಿ 37.5 ಡಿಗ್ರಿ, ಫ್ಯಾರನ್‌ಹೀಟಿನಲ್ಲಿ 99.5, ದಾಟಿದರೆ ಎರಡು ತಿಂಗಳೊಳಗಿನ ಕೂಸಿಗೆ ಮನೆಮದ್ದು ಮಾಡುತ್ತ ಕೂರಬಾರದು, ರಾತ್ರಿಯಾದರೂ ಆಸ್ಪತ್ರೆಗೆ. ವಿಟಮಿನ್ ಡಿ ಹನಿಯನ್ನು ಮಕ್ಕಳ ಡಾಕ್ಟರು ಬರೆದುಕೊಟ್ಟ ಮೇಲೆ ತನ್ನಿ. ದಿನಕ್ಕೆ 400 ಯೂನಿಟ್ ವಾಡಿಕೆ, ಆದರೆ ಒಂದು ಎಂ.ಎಲ್‌ಗೆ 400 ಇರುವ ಬಾಟಲಿಯೂ ಇದೆ, 800 ಇರುವುದೂ ಇದೆ. ಅಂಗಡಿಯವನು ಬೇರೆ ಬಾಟಲಿ ಕೊಟ್ಟು ಅಳತೆ ಹಳೆಯದೇ ಉಳಿದರೆ ಪ್ರಮಾಣ ಇಮ್ಮಡಿಯಾಗುತ್ತದೆ, ಚೀಟಿ ಓದಿ. ಲಸಿಕೆಗೆ ಹಣ ಎತ್ತಿಡಬೇಕಾಗಿಲ್ಲ. ಹುಟ್ಟಿದಾಗಿನವೂ, 6, 10, 14ನೇ ವಾರದವೂ ಮಹಾನಗರಪಾಲಿಕೆಯ ಕೇಂದ್ರದಲ್ಲಿ ಉಚಿತ.

ನೀವು ನಿಮಗಾಗಿ ಏನನ್ನೂ ಕೇಳಲಿಲ್ಲ. ಹೆರಿಗೆಯ ನಂತರದ ಸ್ರಾವ ಆರು ವಾರದವರೆಗೂ ಇರಬಹುದು, ಮೊದಲ ವಾರಕ್ಕೆ ದೊಡ್ಡ ಗಾತ್ರದ ಮೆಟರ್ನಿಟಿ ಪ್ಯಾಡ್ ಮೂರು ಪ್ಯಾಕೆಟ್ ತನ್ನಿ. ಮುಂದೆ ತೆರೆಯುವ ಹತ್ತಿ ನೈಟಿ ನಾಲ್ಕು, ಹಾಲೂಡಿಸುವ ಬ್ರಾ ಮೂರು, ಅದನ್ನು ಒಂಬತ್ತನೇ ತಿಂಗಳಲ್ಲೇ ಅಳತೆ ನೋಡಿ. ಕೈಯಿರುವ ಗಟ್ಟಿ ಕುರ್ಚಿಯೊಂದು ಮನೆಯಲ್ಲಿದ್ದರೆ ಅದನ್ನು ಹಾಸಿಗೆಯ ಪಕ್ಕಕ್ಕೆ ಎಳೆದುಕೊಳ್ಳಿ. ಅಂಟಿನ ಉಂಡೆಯನ್ನು ಅಮ್ಮ ಬಂದ ಮೇಲೆ ಸ್ವಲ್ಪಸ್ವಲ್ಪವೇ ಕಟ್ಟಲಿ, ತಿಂಗಳಿಗಾಗುವಷ್ಟು ಕಟ್ಟಿಟ್ಟರೆ ಮಳೆಯಲ್ಲಿ ಒಣಕೊಬ್ಬರಿಗೆ ಬೂಷ್ಟು ಹಿಡಿಯುತ್ತದೆ.

ಆಸ್ಪತ್ರೆಯ ಚೀಲ 36ನೇ ವಾರಕ್ಕೆ ತಯಾರಿರಲಿ, ಒಳಗಿನದೆಲ್ಲ ಪ್ಲಾಸ್ಟಿಕ್ಕಿನಲ್ಲಿ. ತಪಾಸಣೆಯ ಫೈಲು, ಆಧಾರ್, ವಿಮೆಯ ಕಾರ್ಡು, ಸ್ವಲ್ಪ ನಗದು, ಒಗೆದ ಅಂಗಿ ಆರು, ಲಂಗೋಟಿ ಹನ್ನೆರಡು. ಹಳಿಯ ಮೇಲೆ ನೀರು ನಿಂತ ದಿನ ಆಸ್ಪತ್ರೆ ತಲುಪುವ ಇನ್ನೊಂದು ದಾರಿಯನ್ನು ಈಗಲೇ ಒಮ್ಮೆ ಹೋಗಿ ನೋಡಿಬಿಡಿ. 2005ರ ಜುಲೈ 26ರ ಮುಂಬಯಿ ಮಹಾಮಳೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂಬಯಿಗೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 11. ಅದಕ್ಕೆ ಮೊದಲು, ಮೇ ತಿಂಗಳ ಬಿಸಿಲು ಇರುವಾಗಲೇ, ಪಂಚೆ ಕತ್ತರಿಸಿ, ಅಂಚು ಹೊಲಿಸಿ, ಅಂಗಿ ಮಲ್‌ಮಲ್‌ಗಳನ್ನೆಲ್ಲ ಎರಡೆರಡು ಸಲ ಒಗೆದು, ಗರಿಗರಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ. ಸ್ಟ್ಯಾಂಡನ್ನು ಮಾತ್ರ ಆನ್‌ಲೈನಿನಲ್ಲಿ ತರಿಸದೆ ಅಂಗಡಿಯಲ್ಲೇ ಬಿಡಿಸಿ ಮಡಚಿ ನೋಡಿ ತನ್ನಿ. ಸಡಿಲ ಕೀಲಿನದಾದರೆ ಹದಿನೈದು ಒದ್ದೆ ಲಂಗೋಟಿಯ ಭಾರಕ್ಕೇ ಒಂದು ಕಡೆ ವಾಲುತ್ತದೆ.

— ಸಂಪಾದಕರು