ಭಾಷಣಕ್ಕಿಂತ ಮುಂಚೆ ನಡಿಗೆ

ಪ್ರಶ್ನೆ: ಮಾರ್ಟಿನ್ ಲೂಥರ್ ಕಿಂಗ್ ಅಂದರೆ ಮಗನಿಗೆ ಒಂದು ಭಾಷಣ ಮಾತ್ರ ಗೊತ್ತು. ಅವರು ಬಿಟ್ಟುಹೋದದ್ದು ಅಷ್ಟೇನಾ?
– ಓದುಗರು, ಡೊಂಬಿವಲಿ

ಉತ್ತರ: ಖಂಡಿತ ಅಲ್ಲ. ಬಸ್ಸಿನಲ್ಲಿ ಬಿಳಿಯರಿಗೂ ಕರಿಯರಿಗೂ ಬೇರೆ ಸೀಟು ಅನ್ನುವ ನಿಯಮದ ವಿರುದ್ಧ, ಕಿಂಗ್ ಮುಂದಾಳತ್ವದಲ್ಲಿ ಅಮೆರಿಕದ ಮಾಂಟ್‌ಗೊಮರಿ ಊರಿನ ಕಪ್ಪು ಜನ 1955ರ ಡಿಸೆಂಬರ್‌ನಿಂದ 381 ದಿನ ಬಸ್ಸು ಹತ್ತಲಿಲ್ಲ, ಮನೆಕೆಲಸದ ಹೆಂಗಸರೂ ಮೈಲಿಗಟ್ಟಲೆ ನಡೆದೇ ಹೋದರು. ಲೋಕಲ್ ರೈಲು ಒಂದು ದಿನ ನಿಂತರೇ ನಮಗೆ ಎಷ್ಟು ಕಷ್ಟ, ಅಲ್ವಾ? ಕಪ್ಪು ಜನರಿಗೆ ಸಮಾನ ಹಕ್ಕು, ಮತದ ಹಕ್ಕು ಕೊಟ್ಟ 1964, 1965ರ ಕಾಯ್ದೆಗಳು ಸುಮ್ನೆ ಬರಲಿಲ್ಲ, ಇಂಥ ಹೋರಾಟಗಳಿಂದ ಬಂದವು. ನನ್ನನ್ನು ಜಾಸ್ತಿ ಕಾಡುವುದು ಅಮೆರಿಕದ ಇನ್ನೊಂದು ಊರು, ಮೆಂಫಿಸ್. 1968ರಲ್ಲಿ ಅವರು ಅಲ್ಲಿಗೆ ಹೋದದ್ದು ಕಸ ಎತ್ತುವವರ ಮುಷ್ಕರಕ್ಕೆ ಬೆಂಬಲ ಕೊಡಲು. ‘ನಾನು ಮನುಷ್ಯ’ ಅಂತ ಆ ಕಾರ್ಮಿಕರ ಫಲಕದಲ್ಲಿತ್ತು. ಅಲ್ಲೇ, ಏಪ್ರಿಲ್ 4ರಂದು, ಕಿಂಗ್ ಗುಂಡಿಗೆ ಬಲಿಯಾದರು.

ಮಗನನ್ನು ಮುಂಬೈನ ಗಾಮ್‌ದೇವಿಯ ಮಣಿ ಭವನಕ್ಕೆ ಕರೆದುಕೊಂಡು ಹೋಗಿ. 1959ರಲ್ಲಿ ಮುಂಬೈಗೆ ಬಂದಾಗ ಕಿಂಗ್ ಉಳಿದದ್ದು ಗಾಂಧೀಜಿ ತಂಗುತ್ತಿದ್ದ ಆ ಮನೆಯಲ್ಲೂ. ಚರಕವಿರುವ ಕೋಣೆ ಈಗಲೂ ಇದೆ.