ಬೈಲಹೊಂಗಲದಿಂದ ನಿಮ್ಮ ಪ್ರಶ್ನೆಗೆ

ನವೆಂಬರ್ 1ರಂದು ಬೆಳಗಾವಿಯಲ್ಲಿ ಒಂದು ಕಡೆ ರಾಜ್ಯೋತ್ಸವ, ಇನ್ನೊಂದು ಕಡೆ ಕರಾಳ ದಿನ ಯಾಕೆ ಅಂತ ಕೇಳಿದ್ದೀರಿ. ಅದಕ್ಕೆ ಉತ್ತರ ಸಣ್ಣದು. 1956ರಲ್ಲಿ ಅದೇ ದಿನ ಬೆಳಗಾವಿ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಕನ್ನಡದವರಿಗೆ ಹಬ್ಬವಾಯಿತು, ಮರಾಠಿಯವರಿಗೆ ನೋವಾಯಿತು. ಗಡಿ ಜಗಳದ ಬಗ್ಗೆ ಮಹಾಜನ ಆಯೋಗ 1967ರಲ್ಲಿ ಕೊಟ್ಟ ವರದಿಯನ್ನು ಮಹಾರಾಷ್ಟ್ರ ಒಪ್ಪಲಿಲ್ಲ. 2004ರಿಂದ ವಿಷಯ ಸುಪ್ರೀಂ ಕೋರ್ಟಿನಲ್ಲಿದೆ.

ನಿಮ್ಮ ಎರಡನೇ ಪ್ರಶ್ನೆ ನನ್ನ ಎದೆಗೆ ತಾಗುವಂಥದ್ದು. ಇಲ್ಲಿಯ ನಿಜವಾದ ಇತಿಹಾಸ ಕನ್ನಡದವರದ್ದಾ, ಮರಾಠಿಯವರದ್ದಾ ಅಂತ ಕೇಳಿದ್ದೀರಿ.

ನಾನು ಬೈಲಹೊಂಗಲದವನು. ರಾಣಿ ಚೆನ್ನಮ್ಮನ ಸಮಾಧಿ ಇರುವುದು ನಮ್ಮೂರಲ್ಲೇ. ಶಾಲೆಯಲ್ಲಿ ಆಕೆಯ ನಾಟಕ ಆಡದೆ ಬೆಳೆದ ಮಕ್ಕಳು ಇಲ್ಲಿ ಕಡಿಮೆ. ಆ ನಾಟಕಗಳಲ್ಲಿ ರಾಣಿ ಬ್ರಿಟಿಷರಿಗೆ ಕಪ್ಪ ಕೊಡುವುದಿಲ್ಲ ಎಂದು ಗುಡುಗುತ್ತಾಳೆ. ನಾವೂ ಚಪ್ಪಾಳೆ ತಟ್ಟಿದ್ದೇವೆ. ದೊಡ್ಡವನಾದ ಮೇಲೆ ಓದಿ ತಿಳಿದದ್ದು ಬೇರೆ. ಕಿತ್ತೂರು ಆಗ ಕಂಪನಿ ಸರ್ಕಾರಕ್ಕೆ ವರ್ಷಾವರ್ಷ ಕಾಣಿಕೆ ಕಟ್ಟುತ್ತಿತ್ತು. 1818ರಲ್ಲಿ ಇಂಗ್ಲಿಷರು ಮರಾಠಾ ಪೇಶ್ವೆಯ ಕಡೆಯವರಿಂದ ಬೆಳಗಾವಿ ಕೋಟೆ ಕಿತ್ತುಕೊಂಡಾಗ ಕಿತ್ತೂರಿನವರು ಇಂಗ್ಲಿಷರಿಗೇ ನೆರವಾಗಿದ್ದರು.

ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಸಿಟ್ಟು ಯಾಕೆ? ಕಿತ್ತೂರು ಇಂಗ್ಲಿಷರ ಕಡೆ ಹೋದದ್ದಕ್ಕೂ ಒಂದು ಕಾರಣವಿತ್ತು. ಚೆನ್ನಮ್ಮನ ಗಂಡ ಮಲ್ಲಸರ್ಜ ದೇಸಾಯಿಯನ್ನು ಪೇಶ್ವೆ ಪುಣೆಯಲ್ಲಿ ಸೆರೆ ಇಟ್ಟಿದ್ದ. ಬಿಡುಗಡೆಯಾದ ಸ್ವಲ್ಪ ದಿನಕ್ಕೇ, 1816ರಲ್ಲಿ, ದೇಸಾಯಿ ತೀರಿಕೊಂಡ. ಆ ಗಾಯ ಇದ್ದ ಸಂಸ್ಥಾನ ಪೇಶ್ವೆಯ ವೈರಿಯ ಕಡೆ ಹೋಗಿದ್ದರಲ್ಲಿ ಆಶ್ಚರ್ಯ ಏನಿದೆ?

ಮುಂದೆ 1824ರಲ್ಲಿ ಮಲ್ಲಸರ್ಜನ ಮಗ ಮಕ್ಕಳಿಲ್ಲದೆ ಸತ್ತ. ದತ್ತು ತೆಗೆದುಕೊಂಡ ಹುಡುಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಖಜಾನೆಗೆ ಮುದ್ರೆ ಒತ್ತಿ ಕಾವಲು ಹಾಕಿಸಿದ. ಅಕ್ಟೋಬರ್ 23ರಂದು ಕೋಟೆ ಬಾಗಿಲ ಮುಂದೆ ಅವನೇ ಹೆಣವಾದ. ಇಲ್ಲೂ ಎಷ್ಟೋ ಭಾಷಣಗಳಲ್ಲಿ ದತ್ತು ಮಕ್ಕಳಿಗೆ ಗದ್ದುಗೆ ಕೊಡದ ಡಾಲ್‌ಹೌಸಿಯ ಕಾನೂನಿನ ವಿರುದ್ಧ ಹೋರಾಡಿದ ರಾಣಿ ಅಂತ ಹೇಳಿಬಿಡುತ್ತಾರೆ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದಿದ್ದು 1848ರಲ್ಲಿ. ಚೆನ್ನಮ್ಮ ನಮ್ಮೂರ ಸೆರೆಯಲ್ಲಿ ಕಣ್ಣು ಮುಚ್ಚಿದ್ದು 1829ರಲ್ಲಿ.

ಇಷ್ಟೆಲ್ಲ ತಿಳಿದ ಮೇಲೆ ನನಗೆ ಚೆನ್ನಮ್ಮನ ಮೇಲಿನ ಗೌರವ ಜಾಸ್ತಿಯಾಯಿತು. ನಂಬಿದ ಸ್ನೇಹಿತನೇ ಮನೆಗೆ ಬೀಗ ಹಾಕಲು ಬಂದಾಗ ಎದ್ದು ನಿಂತ ಹೆಂಗಸು ಆಕೆ. ದೇಶಭಕ್ತಿಯ ಭಾಷಣದಲ್ಲಿ ಆ ಸಂಕಟವೇ ಕಾಣುವುದಿಲ್ಲ.

ಸಂಗೊಳ್ಳಿ ರಾಯಣ್ಣನ ಕತೆಯಲ್ಲೂ ಹೀಗೇ ಆಗಿದೆ. ಕತ್ತಿ ಹಿಡಿದ ಮೂರ್ತಿ ಎಲ್ಲರಿಗೂ ಗೊತ್ತು. ಅವನು ಶೇತಸನದಿ, ಅಂದರೆ ಊರು ಕಾಯುವ ಕೆಲಸಕ್ಕೆ ಬದಲಾಗಿ ಹೊಲ ಪಡೆದವನು. ಹೊಸ ಇಂಗ್ಲಿಷ್ ಸರ್ಕಾರ ಅಂಥ ಹೊಲಗಳಿಗೆ ಕೈ ಹಾಕಿತು, ತೆರಿಗೆ ಏರಿಸಿತು. ಆದ್ದರಿಂದಲೇ ಅವನ ಗುಂಪು ಸರ್ಕಾರಿ ಕಚೇರಿಗಳಿಗೆ ನುಗ್ಗಿ ಕಾಗದಪತ್ರ ಸುಟ್ಟಿತು. ಹೊಲ ಕಳೆದುಕೊಂಡ ರೈತನ ಸಿಟ್ಟು ಅದು. ಅವನನ್ನು ಹಿಡಿದುಕೊಟ್ಟವರು ಪರದೇಶದವರಲ್ಲ, ನಮ್ಮ ಸುತ್ತಲಿನವರೇ. ಮೆರವಣಿಗೆಯ ಭಾಷಣದಲ್ಲಿ ಹೊಲದ ಮಾತು ಬರುವುದೇ ಇಲ್ಲ.

ಇನ್ನು ಬೆಳವಡಿಯ ರಾಣಿ ಮಲ್ಲಮ್ಮ. ಬೆಳವಡಿ ನಮ್ಮದೇ ತಾಲ್ಲೂಕು. 1678ರ ಸುಮಾರಿಗೆ ದಕ್ಷಿಣದಿಂದ ಮರಳುತ್ತಿದ್ದ ಶಿವಾಜಿಯ ಸೈನ್ಯಕ್ಕೆ ಈ ಸಣ್ಣ ಕೋಟೆ ವಾರಗಟ್ಟಲೆ ಜಗ್ಗಲಿಲ್ಲ. ಮರಾಠಿ ಬಖರಿನಲ್ಲಿ, ಅಂದರೆ ಹಳೆಯ ಚರಿತ್ರೆಯ ಬರಹದಲ್ಲಿ, ಮಲ್ಲಮ್ಮನ ಹೆಸರು ಸಾವಿತ್ರಿಬಾಯಿ. ನಮ್ಮ ಕಡೆಯ ಭಾಷಣದಲ್ಲಿ ಮಲ್ಲಮ್ಮ ಶಿವಾಜಿಯನ್ನು ಸೋಲಿಸಿ ಅಟ್ಟುತ್ತಾಳೆ. ಆ ಕಡೆಯ ಭಾಷಣದಲ್ಲಿ ಮುತ್ತಿಗೆ ಮರೆಯಾಗಿ ಶಿವಾಜಿ ಮಹಾರಾಜರ ದೊಡ್ಡ ಗುಣವಷ್ಟೇ ಉಳಿಯುತ್ತದೆ. ಆದರೆ ಧಾರವಾಡದ ಹತ್ತಿರ ಯಾದವಾಡದಲ್ಲಿ ಒಂದು ಕೆತ್ತನೆಯ ಕಲ್ಲಿದೆ. ತೊಡೆಯ ಮೇಲೆ ಮಗು ಕೂರಿಸಿಕೊಂಡವನು ಶಿವಾಜಿ, ಮಗು ಮಲ್ಲಮ್ಮನದು, ಕೆತ್ತಿಸಿದವಳೂ ಅವಳೇ ಅಂತ ಜನ ಹೇಳುತ್ತಾರೆ. ಜಗಳವಾಡಿದ ಇಬ್ಬರೂ ಒಬ್ಬರನ್ನೊಬ್ಬರು ಗೌರವಿಸಿದ ಕತೆ ಅದು. ಸುಮ್ನೆ ಅರ್ಧ ಅರ್ಧ ಹಂಚಿಕೊಂಡರೆ ಕತೆಯೇ ಕೆಡುತ್ತದೆ, ಅಲ್ವಾ?

ಈ ಕಡೆ ಬಂದಾಗ ನಂದಗಡಕ್ಕೆ ಹೋಗಿ. 1831ರಲ್ಲಿ ರಾಯಣ್ಣನನ್ನು ಗಲ್ಲಿಗೆ ಹಾಕಿದ ಊರು. ಅವನನ್ನು ಹೂತ ಜಾಗದಲ್ಲಿ ದೊಡ್ಡ ಆಲದ ಮರವಿದೆ. ಖಾನಾಪುರ ತಾಲ್ಲೂಕಿನ ಆ ಭಾಗದಲ್ಲಿ ಮರಾಠಿ ಮಾತು ಜಾಸ್ತಿ. ಮಕ್ಕಳಾಗಲಿ ಅಂತ ಹರಕೆ ಹೊತ್ತ ಹೆಂಗಸರು ಆ ಮರಕ್ಕೆ ತೊಟ್ಟಿಲು ಕಟ್ಟಿ ಹೋಗುತ್ತಾರೆ. ಸ್ವಲ್ಪ ಹೊತ್ತು ಅಲ್ಲಿ ಕೂತು ಬನ್ನಿ.